ಫೋರ್ಕುಗಳನ್ನು ನೆನಪಿಸಿಕೊಂಡದ್ದು

'ಗೊತ್ತಿಲ್ಲ' ಎಂಬ ಮೂರಕ್ಷರ ನನ್ನ ಬಾಯಿಯಿಂದ ಸುಲಭಕ್ಕೆ ಹೊರಡುವುದಿಲ್ಲ. ಬಹಳ ವರ್ಷ ಇಂಗ್ಲಿಷ್ ಮಾಸ್ಟ್ರಾಗಿದ್ದವನ ಕಾಯಿಲೆ ಇದು. ಯಾರಾದರೂ ದಾರಿಯಲ್ಲಿ ತಡೆದು ಒಂದು ಶಬ್ದದ ಅರ್ಥ ಕೇಳಿದರೆ, ಗೊತ್ತಿದ್ದಾಗ ಒಂದು ಅರ್ಥ ಹೇಳುತ್ತೇನೆ, ಗೊತ್ತಿಲ್ಲದಾಗ ಎರಡು ಹೇಳುತ್ತೇನೆ. ನಗಬೇಡಿ. ಈ ಕಾಯಿಲೆಯಿಂದ ಒಬ್ಬನ ಎರಡು ಹಲ್ಲು ಹೋದದ್ದುಂಟು, ಮತ್ತು ಹೋದದ್ದು ನನ್ನವಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಮಂಗಳೂರಿನಲ್ಲಿ ಸೈಕಲ್ ಇಟ್ಟುಕೊಳ್ಳುವುದೆಂದರೆ ಅರ್ಧ ದಾರಿ ಅದನ್ನು ದೂಡುವುದು, ಉಳಿದರ್ಧ ದಾರಿ ದೇವರನ್ನು ನೆನೆಯುವುದು. ಒಂದೋ ಏರು, ಇಲ್ಲವೇ ಇಳಿಜಾರು. ಸಮತಟ್ಟು ಎಂಬುದನ್ನು ನಾವು ಭೂಗೋಳದ ಪುಸ್ತಕದಲ್ಲಿ ಮಾತ್ರ ಕಂಡವರು. ಹಾಗಾಗಿ ನಮ್ಮ ಸೈಕಲ್ಲುಗಳಲ್ಲಿ ಬೇಗ ಸಾಯುವುದು ಮುಂದಿನ ಫೋರ್ಕು, ಅಂದರೆ ಮುಂದಿನ ಚಕ್ರವನ್ನು ಎರಡು ಕಾಲುಗಳ ನಡುವೆ ಹಿಡಿದುಕೊಂಡಿರುವ ಭಾಗ. ಇದಕ್ಕೆ ಕನ್ನಡದಲ್ಲಿ 'ಕವಲು' ಎನ್ನಬೇಕೆಂದು ನಮ್ಮ ಶಾಲೆಯ ಕನ್ನಡ ಪಂಡಿತರು ವಾದಿಸುತ್ತಿದ್ದರು. ಅವರು ಸೈಕಲ್ ಹತ್ತಿದವರಲ್ಲ.

ಬೋಳಾರದಲ್ಲಿ ಸಂಜೀವಣ್ಣನ ಸೈಕಲ್ ಅಂಗಡಿ ಇತ್ತು. ನನ್ನ ಫೋರ್ಕು ಒಂದು ಹೊಂಡಕ್ಕೆ ಬಿದ್ದು ಬಾಗಿದಾಗ ಹೊಸದು ಹಾಕಿಕೊಟ್ಟವರು ಅವರೇ. ಒಂದು ಸಂಜೆ ಅವರು ನನ್ನನ್ನು ಕರೆದು, ಫೋರ್ಕು ಕಳಿಸುವ ಕಂಪೆನಿಯ ಇಂಗ್ಲಿಷ್ ಕಾಗದವೊಂದನ್ನು ಕೈಗಿಟ್ಟರು.

"ಇದೆಂತ ಮಾಸ್ಟ್ರೆ, ಒಮ್ಮೆ ಓದಿ ಹೇಳಿ."

ಕಾಗದ ಚಿಕ್ಕದು. ಕಳೆದ ಸಲ ಕಳಿಸಿದ ಫೋರ್ಕುಗಳನ್ನು ದಯವಿಟ್ಟು 'ರೀಕಾಲ್' ಮಾಡಬೇಕು ಎಂದಿತ್ತು. ಅದರ ಮುಂದೆ 'ಬ್ರೇಜಿಂಗ್' ಎಂದು ಏನೋ ಇತ್ತು. ಬ್ರೇಜಿಂಗ್ ನನಗೆ ಗೊತ್ತಿರಲಿಲ್ಲ, ಆದ್ದರಿಂದ ಅದನ್ನು ಹಾರಿಸಿದೆ. ರೀಕಾಲ್ ಗೊತ್ತಿತ್ತು. ಪ್ರತಿ ಪಾಠದ ಕೊನೆಯಲ್ಲೂ ಬರುವ ಶಬ್ದ. ಹುಡುಗರಿಂದ ನೂರು ಸಲ ಹೇಳಿಸಿದ್ದೇನೆ, ರೀಕಾಲ್ ಎಂದರೆ ನೆನಪಿಸಿಕೊಳ್ಳುವುದು.

"ನಮ್ಮ ಫೋರ್ಕುಗಳನ್ನು ನೆನಪಿಟ್ಟುಕೊಳ್ಳಿ ಅಂತ ಬರೆದಿದ್ದಾರೆ. ಮರ್ಯಾದೆಯ ಕಾಗದ," ಎಂದೆ.

ಸಂಜೀವಣ್ಣನಿಗೆ ಸಂತೋಷವಾಯಿತು. "ನೆನಪು ಇಲ್ಲದೆ ಎಂತ?" ಎಂದು ಕಣ್ಣು ಮುಚ್ಚಿ ಬೆರಳು ಮಡಚತೊಡಗಿದರು. ದೇರೆಬೈಲಿನ ಬ್ರೆಡ್ಡಿನ ಲೋಕಯ್ಯ, ತೊಕ್ಕೊಟ್ಟಿನ ಟೈಲರು, ದೇವಸ್ಥಾನಕ್ಕೆ ಹೂ ತರುವವ, ಹೀಗೆ ಎಂಟು ಹೆಸರು. ಒಂಬತ್ತನೆಯ ಬೆರಳಿಗೆ ಕಣ್ಣು ತೆರೆದು, "ಮತ್ತೊಂದು ನಿಮ್ಮದೇ ಅಲ್ವ ಮಾಸ್ಟ್ರೆ" ಎಂದರು. ಕಂಪೆನಿ ಹೇಳಿದಂತೆ ನೆನಪಿಸಿಕೊಂಡಾಯಿತು. ಕಾಗದವನ್ನು ಮಡಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು.

ಹತ್ತು ದಿನ ಕಳೆದಿರಬಹುದು. ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಾ ಇಂಗ್ಲಿಷ್ ಪೇಪರು ನೋಡುತ್ತಿದ್ದೆ. ಯಾವುದೋ ದೇಶ ತನ್ನ ರಾಯಭಾರಿಯನ್ನು 'ರೀಕಾಲ್' ಮಾಡಿದೆಯಂತೆ. ಜಗಳವಾಗಿರುವಾಗ ರಾಯಭಾರಿಯನ್ನು ನೆನಪಿಸಿಕೊಂಡು ಇವರಿಗೆ ಆಗಬೇಕಾದ್ದೇನು ಎಂದುಕೊಂಡೆ. ಮರುಕ್ಷಣ ಬನ್ಸನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಶಾಲೆಗೆ ಹೋಗಿ ನಿಘಂಟು ತೆಗೆದೆ. ವಾಪಸು ಕರೆಸಿಕೊಳ್ಳುವುದು. ಬ್ರೇಜಿಂಗ್ ಎಂದರೆ ಬೆಸುಗೆ. ಆ ಫೋರ್ಕುಗಳ ಬೆಸುಗೆ ಸರಿಯಿಲ್ಲ, ಎಲ್ಲವನ್ನೂ ಹಿಂದೆ ತರಿಸಿ ಎಂದು ಕಂಪೆನಿಯವರು ಬೇಡಿಕೊಂಡಿದ್ದರು.

ಅಂಗಡಿ ಐದು ನಿಮಿಷದ ದಾರಿ. ಹೋಗಿ ಹೇಳಬೇಕಿತ್ತು. ನಾನು ಹೋಗಲಿಲ್ಲ, ಕೂತು ತರ್ಕ ಮಾಡಿದೆ. ಇಷ್ಟು ದಿನ ಮುರಿಯದ್ದು ಇನ್ನೇಕೆ ಮುರಿಯಬೇಕು? ಕಂಪೆನಿಯವರಿಗೆ ಅತಿ ಹೆದರಿಕೆ. ಟೈಲರು ಸೈಕಲ್ ಹತ್ತುವುದೇ ವಾರಕ್ಕೊಮ್ಮೆ. ಹೂವಿನವನ ಬುಟ್ಟಿಗೆ ತೂಕವೆಲ್ಲಿ? ಲೋಕಯ್ಯ ದಿನಾ ದೇರೆಬೈಲಿನ ಇಳಿಜಾರು ಇಳಿಯುತ್ತಾನೆ, ನಿಜ, ಆದರೆ ಬ್ರೆಡ್ಡು ಹಗುರ ಪದಾರ್ಥ. ಹೀಗೆ ಎಂಟು ಮಂದಿಯ ಪರವಾಗಿ ಅಪಾಯ ತೀರಾ ಕಡಿಮೆಯೆಂದು ತೀರ್ಮಾನಿಸಿದೆ. ಆಮೇಲೆ ಏನು ಮಾಡಿದೆ ಗೊತ್ತೇ? ಹೇಳಲು ನಾಚಿಕೆಯಾಗುತ್ತದೆ. ಅದೇ ಸಂಜೆ ಸೈಕಲ್ಲನ್ನು ಹತ್ತದೆ, ಜೋಪಾನವಾಗಿ ದೂಡಿಕೊಂಡು ಹಂಪನಕಟ್ಟೆಯ ಬೇರೊಂದು ಅಂಗಡಿಗೆ ಹೋಗಿ ಹೊಸ ಫೋರ್ಕು ಹಾಕಿಸಿಕೊಂಡೆ. ಬೋಳಾರದ ದಾರಿ ಬಿಟ್ಟು ಸುತ್ತು ಬಳಸಿ ಓಡಾಡತೊಡಗಿದೆ.

ಮೂರು ವಾರದ ಮೇಲೆ ಲೋಕಯ್ಯ ಬಿದ್ದ. ಇಳಿಜಾರಿನ ನಡುವೆ ಫೋರ್ಕು ಕಳಚಿ, ಮುಂದಿನ ಎರಡು ಹಲ್ಲು ಹೋಗಿ, ಮಣಿಕಟ್ಟು ಮುರಿಯಿತು. ನೋಡಲು ಹೋದೆ. "ನನ್ನದೇ ತಪ್ಪು ಮಾಸ್ಟ್ರೆ, ಸ್ಪೀಡ್ ಜಾಸ್ತಿ ಆಯ್ತು," ಎಂದ. ಹಲ್ಲಿಲ್ಲದ ಬಾಯಲ್ಲಿ 'ಸ್ಪೀಡ್' ಸರಿಯಾಗಿ ಹೊರಡಲಿಲ್ಲ. ನಾನು ಕಿತ್ತಳೆ ಹಣ್ಣು ಕೊಟ್ಟು ಬಂದೆ. ಬಾಯಿ ಬಿಡಲಿಲ್ಲ.

ಬಾಯಿ ಬಿಡಿಸಿದ್ದು ಸಂಜೀವಣ್ಣ. ಅವರು ಅಂಗಡಿ ತೆರೆದಿದ್ದರೂ ಯಾರ ಸೈಕಲ್ಲನ್ನೂ ಮುಟ್ಟುತ್ತಿಲ್ಲ ಎಂದು ಕೇಳಿ, ಎಂಟು ದಿನದ ಮೇಲೆ ಹೋದೆ. ಸೈಕಲ್ಲನ್ನು ರಸ್ತೆಯ ಆಚೆ ಲೈಟುಕಂಬಕ್ಕೆ ಒರಗಿಸಿದೆ. ಅವರು ಮುರಿದ ಫೋರ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ನಾನು ಫಿಟ್ ಮಾಡಿದ್ದರಲ್ಲಿ ಎಂತದೋ ತಪ್ಪಾಗಿದೆ ಮಾಸ್ಟ್ರೆ. ಇನ್ನು ಈ ಕೆಲಸ ಬೇಡ ಅಂತ ಉಂಟು."

ಆಗ ಹೇಳಿದೆ. ರೀಕಾಲ್ ಎಂಬುದಕ್ಕೆ ಇನ್ನೊಂದು ಅರ್ಥ ಉಂಟೆಂದು, ನಾನು ತಪ್ಪು ಓದಿದ್ದೆಂದು. ಯಾವಾಗ ಗೊತ್ತಾಯಿತು ಎಂಬುದನ್ನು ಮಾತ್ರ ಹೇಳಲಿಲ್ಲ.

ಬೈಯುತ್ತಾರೆಂದು ಕಾದೆ. ಅವರು ಗಾಬರಿಯಿಂದ ಎದ್ದರು. "ಅಯ್ಯೋ ಮಾರಾಯ್ರೆ, ನಿಮ್ಮದರಲ್ಲೂ ಅದೇ ಉಂಟಲ್ಲ! ಇಷ್ಟು ದಿನ ಅದರಲ್ಲೇ ಬಂದದ್ದಾ? ಮೊದಲು ನಿಮ್ಮದು ಬಿಚ್ಚುವ." ಸ್ಪ್ಯಾನರ್ ಹಿಡಿದು ರಸ್ತೆ ದಾಟಿಯೇ ಬಿಟ್ಟರು. ಹಿಂದಿನಿಂದ ನಾನು ಬೇಡ ಬೇಡ ಎನ್ನುತ್ತಾ ಓಡಿದೆ.

ಸೈಕಲ್ಲಿನ ಎದುರು ಕುಕ್ಕುರುಗಾಲಲ್ಲಿ ಕೂತು ಫೋರ್ಕಿನ ಮೇಲೆ ಕೈಯಾಡಿಸಿದರು. ಅವರ ಕೈ ನಿಂತಿತು.

"ಇದು ಯಾವಾಗ ಹಾಕಿಸಿದ್ದು?"

"ಒಂದು ತಿಂಗಳಾಯ್ತು."

ಅವರು ಬೆರಳು ಮಡಚಲಿಲ್ಲ. ಲೋಕಯ್ಯ ಬಿದ್ದು ಎಂಟು ದಿನ, ಅಷ್ಟು ಲೆಕ್ಕಕ್ಕೆ ಬೆರಳು ಬೇಕಾಗಿಲ್ಲ. ಎದ್ದು, ಎಲ್ಲ ಗಿರಾಕಿಗಳಿಗೆ ಮಾಡುವ ಹಾಗೆ ಹೆಗಲ ಬಟ್ಟೆಯಿಂದ ನನ್ನ ಸೀಟು ಒರೆಸಿದರು. ಅಂಗಡಿಗೆ ಬಾಗಿಲು ಹಾಕಿ, ಉಳಿದ ಏಳು ಫೋರ್ಕು ತರಲು ತಮ್ಮ ಸೈಕಲ್ ತೆಗೆದರು. ಮೊದಲು ತೊಕ್ಕೊಟ್ಟು.

"ನಾನೂ ಬರ್ತೇನೆ ಸಂಜೀವಣ್ಣ," ಎಂದೆ.

"ಬೇಡ ಮಾಸ್ಟ್ರೆ," ಎಂದರು, ಎಂದಿನ ಮರ್ಯಾದೆಯಲ್ಲೇ. "ನಿಮಗೆ ದೂರ ಆಗ್ತದೆ."

ನಾನು ಇಳಿಜಾರಿನಲ್ಲಿ ಒಂದು ಚೂರೂ ಅಲುಗಾಡದೆ ಮನೆ ಸೇರಿದೆ. ಸೈಕಲ್ಲಿನಲ್ಲಿ ಏನೂ ದೋಷ ಇರಲಿಲ್ಲ.