ಎಲ್ಲರನ್ನೂ ಪರೀಕ್ಷೆಗೆ ಕೂಡಿಸಿದ ಶಾಂತಕ್ಕೋರು

ಜಮಖಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಮೊನ್ನೆ ಯಾವುದೋ ಶಾಲೆಯ ಬ್ಯಾನರು ಕಂಡೆ: ‘ನೂರಕ್ಕೆ ನೂರು ಫಲಿತಾಂಶ’. ನೀವೂ ಇಂಥವನ್ನು ನೋಡಿರುತ್ತೀರಿ, ನೋಡಿ ಮುಂದೆ ಹೋಗಿರುತ್ತೀರಿ. ಮಕ್ಕಳಿಗೆ ಕಲಿಸಿಯೇ ನಿವೃತ್ತಳಾದ ನನಗೆ ಹಾಗೆ ಹೋಗಲು ಬರುವುದಿಲ್ಲ. ಪರೀಕ್ಷೆಗೇ ಕೂಡದೆ ಉಳಿದವರು ಯಾರಿರಬಹುದು ಎಂದು ಯೋಚಿಸುತ್ತ ನಿಂತುಬಿಡುತ್ತೇನೆ.

ನಾನು ನೌಕರಿಗೆ ಸೇರಿದ್ದು ಬನಹಟ್ಟಿಯ ಹೆಣ್ಣುಮಕ್ಕಳ ಶಾಲೆಗೆ. ಸುತ್ತಲೂ ಮಗ್ಗಗಳ ಸದ್ದು. ಅದರ ಮೇಲೆ ಕೂಗಿ ಪಾಠ ಹೇಳಿದ ನನ್ನ ದನಿ ಇವತ್ತಿಗೂ ಇಳಿದಿಲ್ಲ, ಮನೆಯವರು ಅದನ್ನೇ ದೂರುತ್ತಾರೆ. ಏಳನೆಯ ತರಗತಿ ಶಾಂತಕ್ಕೋರದು. ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು ಎನ್ನುತ್ತೇವೆ. ಆ ತರಗತಿಗೆ ಆಗ ಎಲ್ಲ ಶಾಲೆಗಳಿಗೂ ಒಂದೇ ಪ್ರಶ್ನೆಪತ್ರಿಕೆಯ ಮುಲ್ಕಿ ಪರೀಕ್ಷೆ ಇತ್ತು. ಎಷ್ಟು ಮಕ್ಕಳು ಪಾಸಾದರು ಎಂಬುದರ ಮೇಲೆಯೇ ಶಿಕ್ಷಕರ ಬೆಲೆ. ಹೀಗಾಗಿ ದಡ್ಡರೆನಿಸಿದವರ ಅರ್ಜಿಯನ್ನೇ ತುಂಬದಿರುವುದು ಹಲವು ಕಡೆ ರೂಢಿ.

ಆ ವರ್ಷ ಕಸ್ತೂರಿ ಎಂಬ ಹುಡುಗಿ ಇದ್ದಳು. ಬೆಳಿಗ್ಗೆ ಎದ್ದು ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತಿ ಬರುವವಳು, ಲೆಕ್ಕದ ಹೊತ್ತಿಗೆ ತೂಕಡಿಸುವವಳು. ಅಂಥವರು ಇನ್ನೂ ಕೆಲವರಿದ್ದರು. ಹೆಡ್‌ಮಾಸ್ತರು ಕೆಟ್ಟವರಲ್ಲ, ಅಂಜುಬುರುಕರು.

“ಇವರನ್ನ ಈ ವರ್ಷ ಬಿಡ್ರಿ ಅಕ್ಕೋರ. ಸಾಹೇಬ್ರು ರಿಸಲ್ಟ್ ನೋಡ್ತಾರ” ಎಂದರು.

“ಬಿಟ್ರ ಇವರಪ್ಪಗೋಳು ಸಾಲೀನಽ ಬಿಡಸ್ತಾರ್ರಿ. ಕುಂತು ನಪಾಸಾಗಲಿ, ಮತ್ತ ಕುಂದ್ರಾಕ ಬರತೈತಿ” ಎಂದರು ಶಾಂತಕ್ಕೋರು.

ಎಲ್ಲರ ಅರ್ಜಿಯೂ ಹೋಯಿತು. ಫಲಿತಾಂಶ ಬಂದಾಗ ಕಸ್ತೂರಿಯೂ ಸೇರಿ ಹಲವರು ಗಣಿತದಲ್ಲಿ ನಪಾಸು. ತಪಾಸಣೆಗೆ ಬಂದ ಸಾಹೇಬರು ನಮ್ಮೆಲ್ಲರ ಎದುರಿಗೇ ಕೇಳಿದರು: “ಬಾಜೂ ಸಾಲ್ಯಾಗ ಎಲ್ಲಾರೂ ಪಾಸಾಗ್ಯಾರ. ನೀವೇನ್ ಕಲಿಸಿದ್ರಿ?”

“ನಪಾಸಾದವ್ರು ನನ್ನ ಮಕ್ಕಳಽ ಅದಾರ್ರಿ, ಒಪ್ಪಕೊಂತೀನಿ” ಎಂದರು ಅಕ್ಕೋರು. “ಅಲ್ಲಿ ಕೆಲವ್ರನ್ನ ಬರಿಯಾಕಽ ಬಿಡಲಿಲ್ಲಲ್ರಿ, ಅವರು ಯಾರ ಮಕ್ಕಳು?”

ಸಾಹೇಬರು ವರದಿ ಬರೆದುಕೊಂಡು ಹೋದರು. ಅಕ್ಕೋರ ಇನ್‌ಕ್ರಿಮೆಂಟು ನಿಂತಿತು; ಹೊಳೆದಂಡೆಯ ಗಲಗಲಿ ಎಂಬ ಊರಿಗೆ ವರ್ಗವೂ ಆಯಿತು.

ಅಲ್ಲಿಂದ ಅವರು ರವಿವಾರಗಳಲ್ಲಿ ಬಸ್ಸು ಹಿಡಿದು ಬಂದು, ನಮ್ಮ ಮನೆಯ ಪಡಸಾಲೆಯಲ್ಲಿ ಆ ಹುಡುಗಿಯರಿಗೆ ಲೆಕ್ಕ ಹೇಳಿದರು. ಚಹಾ ಮಾಡುವುದು ನನ್ನ ಪಾಲು. ಮುಂದಿನ ಪರೀಕ್ಷೆಯಲ್ಲಿ ಕಸ್ತೂರಿ ಕಷ್ಟಪಟ್ಟು ದಾಟಿದಳು, ಒಬ್ಬಳು ದಾಟಲೇ ಇಲ್ಲ. ಕಸ್ತೂರಿಗೆ ಮುಂದೆ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿದ್ದು ಆ ಪಾಸಿನಿಂದಲೇ. ಏಳನೆಯ ತರಗತಿ ನನ್ನ ಪಾಲಿಗೆ ಬಂದ ವರ್ಷ ಹೆಡ್‌ಮಾಸ್ತರು ಮತ್ತೆ ಬಾಯಿ ತೆರೆಯುವ ಮೊದಲೇ ನಾನು ಎಲ್ಲರ ಅರ್ಜಿಗಳನ್ನೂ ಮೇಜಿನ ಮೇಲಿಟ್ಟೆ. ಅವರು ನಿಟ್ಟುಸಿರು ಬಿಟ್ಟು ಸಹಿ ಹಾಕಿದರು.

ಶಾಂತಕ್ಕೋರು ಈಗ ಜಮಖಂಡಿಯಲ್ಲೇ ಇದ್ದಾರೆ. ಮೊನ್ನೆ ಅವರ ಮನೆಗೆ ಹೋದೆ.

“ನಿಮ್ಮ ಸುದ್ದಿ ಎಲ್ಲಾರ ಮುಂದೂ ಹೇಳ್ತಿರ್ತೀನ್ರಿ ಅಕ್ಕೋರ” ಎಂದೆ.

“ಏನಂತ?”

“ವರ್ಗ ಆದ್ರೂ ಅಳುಕಲಿಲ್ಲ ಅಂತ.”

ಅವರು ನಕ್ಕರು. “ಗಲಗಲಿ ಬಸ್ಸಿನಾಗ ಅಳಕೋತ ಹೋಗೀನಿ ತಂಗಿ. ಯಾರರೆ ತೀರಕೊಂಡಾರೇನ್ರಿ ಅಂತ ಕಂಡಕ್ಟರ್ ಕೇಳಿದ. ಹೊಳಿ ದಂಡಿಗೆ ಮಾರಿ ತೊಳಕೊಂಡು ಸಾಲಿಗೆ ಹೋದ್ನಿ. ಅದನೂ ಹೇಳು.”

ಇಷ್ಟು ವರ್ಷ ನಾನು ಹೇಳುತ್ತ ಬಂದದ್ದರಲ್ಲಿ ಆ ಅಳು ಇರಲಿಲ್ಲ. ಪೂರ್ತಿಯಾಗಿ ಕೇಳಿದವರಲ್ಲಿ ನೀವೇ ಮೊದಲಿಗರು.