ಮೈಯ ಮಾತಿಲ್ಲದ ಊಟ

ಅವನನ್ನು ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಶಾಲೆಯಲ್ಲಿ ಅಂಟಿಕೊಂಡ ಆ ಹೆಸರು ವಿಶ್ವವಿದ್ಯಾಲಯದ ತನಕ ಬೆನ್ನು ಬಿಡದೆ ಬಂತು. ಎತ್ತರಕ್ಕೆ ಬೆಳೆದವನು ಅಗಲಕ್ಕೆ ಬೆಳೆಯಲೇ ಇಲ್ಲ. ಮೈ ತುಂಬಿಕೊಂಡಂತೆ ಕಾಣಲೆಂದು ಸುಡುಬಿಸಿಲಲ್ಲೂ ಒಂದರ ಮೇಲೊಂದು ಎರಡು ಅಂಗಿ ತೊಡುತ್ತಿದ್ದ. ಹಾಸ್ಟೆಲಿನಲ್ಲಿ ಎಲ್ಲರ ಊಟ ಮುಗಿದು ಬೆಂಚು ಒರೆಸುವ ಹೊತ್ತಿಗೆ ಹೋಗಿ ಕೂರುತ್ತಿದ್ದ. ತಟ್ಟೆ ತುಂಬ ಹಾಕಿಸಿಕೊಂಡರೆ "ತಿಂದಿದ್ದೆಲ್ಲ ಎಲ್ಲಿಗೆ ಹೋಗುತ್ತೋ" ಅನ್ನುವವರು, ಕಡಿಮೆ ಹಾಕಿಸಿಕೊಂಡರೆ "ಅದಕ್ಕೇ ಹೀಗಿದ್ದೀಯ" ಅನ್ನುವವರು. ಒಬ್ಬನೇ ಉಂಡರೆ ಯಾರ ಕಾಟವೂ ಇಲ್ಲ.

ಕೊನೆಯ ವರ್ಷ, ಬೇಕೆಂದ ವಿಷಯಗಳ ಸೀಟೆಲ್ಲ ಭರ್ತಿಯಾಗಿ, 'ನಾವು ಮತ್ತು ನಮ್ಮ ಮೈ' ಎಂಬ ಪಾಠ ಅವನ ಪಾಲಿಗೆ ಬಂತು. ಪರೀಕ್ಷೆಯಿಲ್ಲ, ಗುಂಪಿನಲ್ಲಿ ಕೆಲಸ. ಮೇಡಂ ಅವನನ್ನು ಇಬ್ಬರ ಜೊತೆ ಸೇರಿಸಿದರು. ಒಬ್ಬ ಪೈಲ್ವಾನ್, ಅವನ ತೋಳು ನೋಡಿದರೆ ಅಂಗಿಯ ಹೊಲಿಗೆಯ ಮೇಲೆ ಕನಿಕರ ಹುಟ್ಟಬೇಕು. ಇನ್ನೊಬ್ಬಳು ಮಗುವಾದ ಮೇಲೆ ಓದಲು ಮರಳಿದವಳು. ಅವಳು ಎಲ್ಲರಿಗೂ ಅಕ್ಕ.

"ವಾರಕ್ಕೊಂದ್ಸಲ ಮೂರೂ ಜನ ಒಟ್ಟಿಗೆ ಊಟ ಮಾಡಿ," ಎಂದರು ಮೇಡಂ. "ಯಾರ ಮೈ ಬಗ್ಗೆನೂ, ಯಾರ ತಟ್ಟೆ ಬಗ್ಗೆನೂ ಮಾತಾಡೋ ಹಾಗಿಲ್ಲ. ಏನೇನು ಮಾತು ನುಂಗಿಕೊಂಡ್ರಿ ಅಂತ ಆಮೇಲೆ ಇಲ್ಲಿ ಬಂದು ಹೇಳಿ."

ಮೊದಲ ಊಟ ಬಾಯಿಗೆ ಬೀಗ ಹಾಕಿಕೊಂಡೇ ಮುಗಿಯಿತು. ಮೈ, ತಟ್ಟೆ ಬಿಟ್ಟರೆ ಮೂವರ ಹತ್ತಿರವೂ ಬೇರೆ ಮಾತಿರಲಿಲ್ಲ.

ತರಗತಿಯಲ್ಲಿ ಮೊದಲು ಬಾಯಿಬಿಟ್ಟವನು ಪೈಲ್ವಾನ್. "ಕನ್ನಡೀಲಿ ನನಗೆ ಇನ್ನೂ ಒಬ್ಬ ಸಣಕಲ ಹುಡುಗನೇ ಕಾಣ್ತಾನೆ. ಒಂದು ದಿನ ಕಸರತ್ತು ತಪ್ಪಿದ್ರೆ ಆಚೆ ಬರೋಕೇ ನಾಚಿಕೆ."

"ನಿನಗಾ?" ಎಂದ ಕಡ್ಡಿ.

"ನನಗೇ. ನಿನ್ನ ಪಕ್ಕ ಕೂತ್ರೆ ದಪ್ಪ ಕಾಣ್ತೀನಿ, ಧೈರ್ಯ ಬರುತ್ತೆ ಅಂತಲೇ ಮೊದಲ ದಿನ ಬಂದು ಕೂತಿದ್ದು. ಬೇಜಾರು ಮಾಡ್ಕೋಬೇಡ."

ಬೇಜಾರಾಯಿತು. ಆದರೆ ಇಷ್ಟು ವರ್ಷದಲ್ಲಿ ಅವನ ಮುಖ ನೋಡಿಕೊಂಡು ನಿಜ ಹೇಳಿದವರು ಬೇರೆ ಯಾರೂ ಇರಲಿಲ್ಲ.

"ನಾನು ಮಗಳನ್ನ ಎತ್ಕೊಂಡೇ ಫೋಟೊ ತೆಗೆಸ್ಕೊಳ್ಳೋದು. ಹೊಟ್ಟೆಗೆ ಅಡ್ಡ ಇರ್ತಾಳಲ್ಲ," ಎಂದು ಅಕ್ಕ ನಕ್ಕಳು. ಅವರಿಬ್ಬರೂ ನಗಲಿಲ್ಲ.

ಬರಬರುತ್ತಾ ಊಟಕ್ಕೆ ಮಾತು ಹುಟ್ಟಿತು. ಒಂದು ಮಧ್ಯಾಹ್ನ ಸೆಕೆ ತಡೆಯಲಾರದೆ ಕಡ್ಡಿ ಮೇಲಿನ ಅಂಗಿ ಬಿಚ್ಚಿ ಕುರ್ಚಿಗೆ ಹಾಕಿದ. ಅಕ್ಕ ನೀರಿನ ಜಗ್ಗು ಅವನತ್ತ ಸರಿಸಿ, ಮಗಳ ಹಲ್ಲು ಮೂಡಿದ ಕಥೆಯನ್ನು ಮುಂದುವರಿಸಿದಳು. ಅವನು ಆ ದಿನ ಎರಡು ಸಲ ಬಡಿಸಿಕೊಂಡ.

ಪಾಠ ಮುಗಿದ ಮೇಲೆ ಗುಂಪೂ ಮುಗಿಯಿತು. ಅಕ್ಕನಿಗೆ ಮನೆ, ಪೈಲ್ವಾನನಿಗೆ ಕೆಲಸದ ಹುಡುಕಾಟ. ಎದುರು ಸಿಕ್ಕರೆ ತಲೆಯಾಡಿಸುತ್ತಿದ್ದರು, ಅಷ್ಟೇ.

ರಜೆಗೆ ಮನೆಗೆ ಹೋದಾಗ ಚಿಕ್ಕಪ್ಪ ಎಂದಿನಂತೆ ಹೊಸಿಲಲ್ಲೇ ಶುರು ಮಾಡಿದರು. "ಬಾಗಿಲು ತೆಗೀಬೇಕೇನೋ, ಸಂದೀಲೇ ನುಸುಳ್ತೀಯೋ?"

"ಚಿಕ್ಕಪ್ಪ, ನನ್ನ ಮೈ ಬಗ್ಗೆ ತಮಾಷೆ ಬೇಡ. ನೋವಾಗುತ್ತೆ."

ಚಿಕ್ಕಪ್ಪ ಪೆಚ್ಚಾದರು. "ಪ್ರೀತಿಗೆ ಅಂದೆ ಕಣೋ."

"ಗೊತ್ತು. ಆದ್ರೂ ಬೇಡ."

ಊಟಕ್ಕೆ ಇಬ್ಬರೂ ಎದುರುಬದುರು ಕೂತರು. ಚಿಕ್ಕಪ್ಪ ಒಂದೆರಡು ಸಲ ಗಂಟಲು ಸರಿಮಾಡಿಕೊಂಡು ಸುಮ್ಮನಾದರು. ಇಷ್ಟು ವರ್ಷ ತನ್ನನ್ನು ಮಾತಾಡಿಸಲು ಅವರಿಗಿದ್ದದ್ದು ಅದೊಂದೇ ದಾರಿ ಎಂಬುದು ಕಡ್ಡಿಗೆ ಆಗ ಹೊಳೆಯಿತು. ಅದನ್ನು ಅವನೇ ಮುಚ್ಚಿದ್ದ. ತೆರೆಯುವ ಮನಸ್ಸೂ ಇರಲಿಲ್ಲ.

ಮಜ್ಜಿಗೆ ಹಾಕಿಕೊಳ್ಳುತ್ತಾ ಚಿಕ್ಕಪ್ಪ ಕೇಳಿದರು: "ನಿನ್ನ ರೂಮಲ್ಲಿ ಫ್ಯಾನ್ ಇದೆಯೇನೋ?"

"ಇದೆ ಚಿಕ್ಕಪ್ಪ. ಸ್ವಲ್ಪ ಸದ್ದು ಮಾಡುತ್ತೆ."

"ಎಣ್ಣೆ ಬಿಡಬೇಕು ಅದಕ್ಕೆ," ಎಂದು ಅವರು ಮತ್ತೆ ತಟ್ಟೆಯತ್ತ ಬಾಗಿದರು.