ಟೀಮ್ ಎಂಬ ಆಟಗಾರ್ತಿ

ಪ್ರಭುದೇವನಿಗೆ ಗೊಂದಲವಾದರೆ ಎಡಗಿವಿ ತುರಿಸಿಕೊಳ್ಳುತ್ತಾನೆ. ಕಳೆದ ಚಳಿಗಾಲದಿಂದ ಆ ಕಿವಿ ಕೆಂಪಗೇ ಇತ್ತು. ಕಾರಣ ಅವನ ಮಗಳು ಜಾಹ್ನವಿ. ಹೈಸ್ಕೂಲಿನ ಬಾಸ್ಕೆಟ್‌ಬಾಲ್ ತಂಡ ಬಿಟ್ಟರೆ ಬೇರೆ ಲೋಕವಿಲ್ಲ ಎನ್ನುವಂತಿದ್ದ ಹುಡುಗಿ ಇದ್ದಕ್ಕಿದ್ದಂತೆ ತಂಡವನ್ನೇ ಬಿಟ್ಟಳು. ಜೊತೆಗೆ ಅಪ್ಪನ ಹತ್ತಿರ ಮಾತೂ ಬಿಟ್ಟಳು. ಯಾಕೆ ಎಂದು ಕೇಳಿದರೆ "ನಥಿಂಗ್". ಆ ನಥಿಂಗ್ ಒಳಗೆ ಏನಿದೆ ಎಂದು ತಿಳಿಯದೆ ಅವನು ಸೊರಗಿಹೋಗಿದ್ದ.

ಈ ಪರದೇಶದ ಊರಿನ ಕ್ರಾಸ್‌ರೋಡ್ಸ್ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ ನಮ್ಮದು ಎದುರುಬದುರು ಬಾಗಿಲು. ನಾನು ಮೈಸೂರಿನವಳು, ಅವನು ಮುಂಡರಗಿಯವನು. ವಯಸ್ಸಿನಲ್ಲಿ ನಾನು ದೊಡ್ಡವಳಾದ್ದರಿಂದ "ಅಕ್ಕಾರ" ಎನ್ನುತ್ತಾನೆ. ಈಸ್ಟ್‌ಗೇಟ್‌ನ ಕಂಪನಿಯೊಂದರಲ್ಲಿ ಅವನದು ಟೆಸ್ಟಿಂಗ್ ಕೆಲಸ, ಎಂದರೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು. ಏನು ಕೇಳಿದ್ದಾರೆ ಅಂತ ಮೊದಲು ಕೇಳಿ ತಿಳ್ಕೊಳ್ಳಿ, ಆಮೇಲೆ ಕೀಬೋರ್ಡ್ ಮುಟ್ಟಿ ಎಂದು ಆಫೀಸಿನ ಹೊಸಬರಿಗೆಲ್ಲ ಉಪದೇಶ ಮಾಡುತ್ತಾನಂತೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಆಡುವುದು ಬಿಟ್ಟ ಮೇಲೆ ಜಾಹ್ನವಿ ಶಾಲೆಯ ಪತ್ರಿಕೆಗೆ ಆಟದ ಬಗ್ಗೆ ಬರೆಯಲು ಹಿಡಿದಿದ್ದಳು. ಅಕ್ಟೋಬರಿನ ಒಂದು ಬೆಳಿಗ್ಗೆ ತಟ್ಟೆಯಿಂದ ತಲೆಯೆತ್ತದೆ ಅಪ್ಪನನ್ನು ಇಂಗ್ಲಿಷಿನಲ್ಲಿ ಕೇಳಿದಳು: ಕಾಲೇಜು ಬಾಸ್ಕೆಟ್‌ಬಾಲಿನಲ್ಲಿ ಈ ದಶಕದ ಶ್ರೇಷ್ಠ ಆಟಗಾರ್ತಿಯರನ್ನು ಆರಿಸಬೇಕು, "ಬೈ ಪ್ರೋಗ್ರಾಮ್", ಸಹಾಯ ಮಾಡ್ತೀಯಾ?

ಪ್ರಭುದೇವ ಚಪ್ಪಲಿಯನ್ನೂ ಹಾಕಿಕೊಳ್ಳದೆ ನಮ್ಮ ಬಾಗಿಲಿಗೆ ಓಡಿ ಬಂದ.

"ಅಕ್ಕಾರ, ಮಗಳು ಮಾತಾಡಿದ್ಲ್ರೀ! ಪ್ರೋಗ್ರಾಮ್ ಬರದು ಕೊಡು ಅಂದ್ಲು!"

ಅವನ ಹಿಂದೆಯೇ ಹೆಂಡತಿ ವೈಶಾಲಿ ಸೌಟು ಹಿಡಿದುಕೊಂಡು ಬಂದಳು. "ಯಾವ ಪ್ರೋಗ್ರಾಮ್ರೀ? ಕನ್ನಡ ಸಂಘದ್ದೇನು? ಅಡಿಗಿ ಮತ್ತ ನಮ್ಮ ತಲಿಮ್ಯಾಗ ಏನು?"

ನನಗೂ ಅವನು ಹೇಳಿದ್ದೇ ಸರಿ ಎನ್ನಿಸಿತು. ಈ ಊರಿನಲ್ಲಿ ನಮ್ಮವರಿಗೆ ಪ್ರೋಗ್ರಾಮ್ ಎಂದರೆ ಎರಡೇ: ಒಂದು ಸಂಬಳ ತರುವುದು, ಇನ್ನೊಂದು ಬಿಸಿಬೇಳೆಬಾತ್ ಹಾಕುವುದು.

ಅವತ್ತಿನಿಂದ ಅವನು ಬಿಡುವಾದಾಗಲೆಲ್ಲ ಲ್ಯಾಪ್‌ಟಾಪಿನ ಮುಂದೆ. ಬಾಸ್ಕೆಟ್‌ಬಾಲ್ ಅವನಿಗೆ ಬಾರದು, ಬರುವುದು ಕಬಡ್ಡಿ. ಆದರೂ ಊರೂರಿನ ಕಾಲೇಜುಗಳ ಸ್ಕೋರುಗಳನ್ನೆಲ್ಲ ತಂದು ರಾಶಿ ಹಾಕಿದ. ನಡುವೆ ಒಮ್ಮೆ ನಾನೇ ಹೇಳಿದೆ, "ಅವಳಿಗೆ ಸರಿಯಾಗಿ ಏನ್ ಬೇಕು ಅಂತ ಒಂದ್ಸಲ ಕೇಳಿಬಿಡಪ್ಪ."

"ಬ್ಯಾಡ್ರಿ ಅಕ್ಕಾರ. ಒಂದೀಟ ಮಾತಾಡ್ಯಾಳ. ಏನರ ಕೇಳಾಕ ಹೋಗಿ ಅದೂ ನಿಂತ್ರ ಏನ್ ಮಾಡ್ಲಿ?"

ಭಾನುವಾರ ಮಧ್ಯಾಹ್ನ ಕೆಲಸ ಮುಗಿಯಿತು ಎಂದು ನನ್ನನ್ನೂ ಕರೆದ. ವೈಶಾಲಿ ಶೋರ್‌ಲೈನ್‌ನಲ್ಲಿರುವ ಗೆಳತಿಯ ಮನೆಗೆ ಹೋಗಿದ್ದಳು. ಸೋಫಾದಲ್ಲಿ ಮಗಳು ಒಂದು ತುದಿ, ನಾನು ಇನ್ನೊಂದು ತುದಿ. ಪ್ರಭುದೇವ ಗಂಟಲು ಸರಿಮಾಡಿಕೊಂಡು ಗುಂಡಿ ಒತ್ತಿದ.

"ನೋಡವಾ, ಈ ಟೀಮ್ ಅನ್ನೋ ಹುಡುಗಿ ಎಲ್ಲಾರಕಿಂತ ಮುಂದ ಅದಾಳ. ಏನ್ ಆಡ್ಯಾಳಂತಿ! ಪ್ರತಿ ಕಾಲೇಜಿನಾಗೂ ಆಡ್ಯಾಳ. ಇಲ್ಲಿ ಹುಡುಗ್ಯಾರು ಕಾಲೇಜು ಬದಲಿಸ್ತಾರಂತ ಕೇಳಿದ್ದೆ, ಆದ್ರ ಇಷ್ಟು?" ಎಂದು ಕಿವಿ ತುರಿಸಿಕೊಂಡ.

ಜಾಹ್ನವಿ ಪರದೆ ನೋಡಿದಳು, ಅಪ್ಪನನ್ನು ನೋಡಿದಳು, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಬಾಸ್ಕೆಟ್‌ಗೆ ಬೀಳದೆ ಮರಳಿದ ಚೆಂಡು ಯಾರ ಕೈಗೂ ಸಿಗದಿದ್ದರೆ ಅದನ್ನು ಇಡೀ ತಂಡದ ಹೆಸರಿನಲ್ಲಿ, ಟೀಮ್ ಎಂದು ಬರೆಯುತ್ತಾರಂತೆ. ಇವನ ಪ್ರೋಗ್ರಾಮು ಆ ಸಾಲನ್ನೇ ಆಟಗಾರ್ತಿ ಮಾಡಿತ್ತು. ಮೇಲಾಗಿ ಪ್ರೋಗ್ರಾಮ್ ಎಂದರೆ ಕಂಪ್ಯೂಟರಿನದಲ್ಲ. ಒಂದೊಂದು ಕಾಲೇಜಿನ ತಂಡಕ್ಕೂ ಇಲ್ಲಿಯವರು ಪ್ರೋಗ್ರಾಮ್ ಎನ್ನುತ್ತಾರೆ. ಅವಳು ಕೇಳಿದ್ದು ಇಷ್ಟೇ, ಇಬ್ಬರೂ ಕೂತು ಒಂದೊಂದು ತಂಡದಿಂದ ಒಬ್ಬೊಬ್ಬಳನ್ನು ಆರಿಸೋಣ ಎಂದು.

ನನಗೂ ನಗು ತಡೆಯಲಾಗಲಿಲ್ಲ. ಪ್ರಭುದೇವ ಪೆಚ್ಚಾಗಿ ಲ್ಯಾಪ್‌ಟಾಪ್ ಮುಚ್ಚಿದ.

"ಹೋಗ್ಲಿ ಬಿಡು," ಎಂದ ತನಗೆ ತಾನೇ.

ಜಾಹ್ನವಿಯ ನಗು ಅಲ್ಲಿಗೇ ನಿಂತಿತು. ಇದನ್ನೂ ಬಿಡಬೇಕಾ ಎಂದು ಇಂಗ್ಲಿಷಿನಲ್ಲಿ ಚುರುಕಾಗಿ ಕೇಳಿದಳು.

"ಇದನ್ನೂ ಅಂದ್ರ? ಮೊದಲ ಏನ್ ಬಿಡು ಅಂದೆ ನಾ?"

ಅವಳು ತಡೆತಡೆದು ಹೇಳಿದಳು. ಹೋದ ಚಳಿಗಾಲದ ಕೊನೆಯ ಆಟದ ಕೊನೆಯ ಎಸೆತ ಅವಳದಾಗಿತ್ತು. ಚೆಂಡು ಬೀಳಲಿಲ್ಲ, ತಂಡ ಸೋತಿತು. ಕಾರಿನಲ್ಲಿ ಮನೆಯವರೆಗೂ ಅತ್ತಿದ್ದಳು. ಡ್ರೈವ್ ಮಾಡುತ್ತಿದ್ದ ಅಪ್ಪ ಹೇಳಿದ್ದು ಒಂದೇ ಮಾತು, ಹೋಗ್ಲಿ ಬಿಡು.

"ಯು ಟೋಲ್ಡ್ ಮಿ ಟು ಬಿಡು, ಅಪ್ಪ. ಸೋ ಐ ಬಿಟ್ಟೆ."

ಕೈಲಾಗದವಳು, ಸಾಕು ಮಾಡು ಎಂದು ಅಪ್ಪನೇ ಹೇಳಿದ ಅಂತ ಆ ಮಗು ಇಷ್ಟು ದಿನ ನುಂಗಿಕೊಂಡು ಕೂತಿತ್ತು.

"ಅಯ್ಯೋ, ಹಂಗಲ್ಲವಾ! ಬಿಡು ಅಂದ್ರ ಬಿಡು ಅಂತಲ್ಲ..." ಎನ್ನುತ್ತ ಪ್ರಭುದೇವ ನನ್ನ ಕಡೆ ನೋಡಿದ.

"ಅಳೋರಿಗೆ ಸಮಾಧಾನ ಮಾಡೋಕೆ ಹಾಗಂತೀವಿ ಪುಟ್ಟಿ," ಎಂದೆ ನಾನು. "ನೊಂದ್ಕೋಬೇಡ ಅಂತ ಅರ್ಥ."

ಜಾಹ್ನವಿ ನಮ್ಮಿಬ್ಬರನ್ನೂ ಅನುಮಾನದಿಂದ ನೋಡಿದಳು. ಹಾಗಾದರೆ ನಿಜವಾಗಿಯೂ ಬಿಟ್ಟುಬಿಡು ಅನ್ನೋದಕ್ಕೆ ಕನ್ನಡದಲ್ಲಿ ಏನನ್ನುತ್ತೀರಿ ಎಂದು ಕೇಳಿದಳು.

ಪ್ರಭುದೇವ ಕಿವಿ ತುರಿಸಿಕೊಂಡ.

"ಅದಕ್ಕೂ... ಬಿಡು ಅಂತೀವಿ," ಎಂದ.

ಹೇಳಿದ್ದೇ ತಡ ಅವನ ಕಣ್ಣು ತುಂಬಿಬಂತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ. ಏನೋ ಹೇಳಲು ಬಾಯಿ ತೆರೆದ. "ಹೋಗ್ಲಿ" ಎಂದು ಬಂದ ಮಾತನ್ನು ಅರ್ಧಕ್ಕೇ ನುಂಗಿದ. ಸಮಾಧಾನಕ್ಕೆ ಅವನ ಹತ್ತಿರ ಬೇರೆ ಮಾತೇ ಇರಲಿಲ್ಲ, ಪಾಪ.

ಜಾಹ್ನವಿ ಎದ್ದು ಹೋಗಿ ಅವನ ಪಕ್ಕ ಕೂತಳು. ಲ್ಯಾಪ್‌ಟಾಪ್ ಎಳೆದುಕೊಂಡು ಮತ್ತೆ ತೆರೆದಳು. ಅವನು ಇನ್ನೂ ಕನ್ನಡಕ ಒರೆಸುತ್ತಲೇ ಇದ್ದ. ಅವಳು ಅವನ ಮೊಣಕೈ ಮೇಲೆ ಕೈಯಿಟ್ಟಳು.

"ಹೋಗ್ಲಿ ಬಿಡು, ಅಪ್ಪ," ಎಂದಳು.